ಹಿಕ್ಕೆ ನೀರಿನ ಬಿಳುಪು

ಬಟ್ಟೆ ಒಗೆಯುವ ಮಾತು ಬಂದರೆ ನನಗೆ ಸ್ವಲ್ಪ ಸೊಕ್ಕು. ಮೊದಲೇ ಹೇಳಿಬಿಡುತ್ತೇನೆ. ಟಿ.ವಿ.ಯಲ್ಲಿ ಯಾರೋ ಹೊಸ ಪುಡಿ ತೋರಿಸಿ ಬಿಳುಪು ಬಿಳುಪು ಎಂದು ಕುಣಿದರೆ ನಾನು ಕುಳಿತಲ್ಲೇ ಮೂಗು ಮುರಿಯುತ್ತೇನೆ. ನಿಜವಾದ ಬಿಳುಪನ್ನು ನಾನು ಕಣ್ಣಾರೆ ನೋಡಿದವಳು. ನಮ್ಮವ್ವ ಅದನ್ನು ಹಗರಿ ಹಳ್ಳದ ಉಸುಕಿನ ಮೇಲೆ ಬಿಸಿಲಲ್ಲಿ ಕಾದು ತೆಗೆದಿದ್ದಳು. ಅದೂ ಯಾವ ಪದಾರ್ಥದಿಂದ ಎಂದು ಕೇಳಿದರೆ ನೀವೂ ಮೂಗು ಮುಚ್ಚಿಕೊಳ್ಳುತ್ತೀರಿ. ಮುಚ್ಚಿಕೊಳ್ಳಿ, ನಾನಂತೂ ಹೇಳದೆ ಬಿಡುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಅಪ್ಪ ಹೈಸ್ಕೂಲಿನ ಜವಾನ, ಚಿಕ್ಕಪ್ಪನಿಗೆ ಆಗತಾನೆ ಗುಮಾಸ್ತನ ಕೆಲಸ ಸಿಕ್ಕಿತ್ತು. ಇಬ್ಬರು ಸಂಬಳ ತರುವ ಮನೆ ಎಂದರೆ ಓಣಿಯಲ್ಲಿ ನಮ್ಮದೊಂದೇ. ಕುರಿ ಸಾಕುವುದನ್ನು ತಾತನ ಕಾಲಕ್ಕೇ ಬಿಟ್ಟಿದ್ದೆವು. ಬಿಟ್ಟದ್ದಷ್ಟೇ ಅಲ್ಲ, ಯಾವತ್ತೂ ಸಾಕಿಯೇ ಇಲ್ಲವೇನೋ ಎಂಬಂತೆ ಇದ್ದೆವು. ಅವ್ವ ಮಾತ್ರ ಕಾನಹೊಸಹಳ್ಳಿಯ ಆಚೆಯ ಒಂದು ಹಳ್ಳಿಯಿಂದ ಬಂದವಳು. ಅವಳ ತವರಿನಲ್ಲಿ ಆಗಲೂ ನೂರಾರು ಕುರಿಗಳಿದ್ದವು.

ಈ ವಿಷಯ ಹಿಡಿದುಕೊಂಡು ಅವ್ವನನ್ನು ಚುಚ್ಚುತ್ತಿದ್ದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅವಳನ್ನು ಕೂಡ್ಲಿಗಿಗೆ ಕೊಟ್ಟಿತ್ತು, ಗಂಡನಿಗೆ ನೌಕರಿ ಇತ್ತು. ತವರಿಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಮೂಗು ಏರಿಸಿ, “ಏನೋ ಹಟ್ಟಿ ವಾಸ್ನಿ ಬಂದಂಗಾತಲ್ಲ!” ಅನ್ನುವುದು. ಸಾರಿಗೆ ಉಪ್ಪು ಹೆಚ್ಚಾದರೆ “ಕುರಿಗೆ ಉಪ್ಪು ತಿನಿಸಿದ ಕೈ ಅಲ್ಲೇನು” ಅನ್ನುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವ್ವ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಜ್ಜಿ, ಅಂದರೆ ಅವ್ವನ ಅತ್ತೆ, ಮಗಳ ಮಾತಿಗೆ ಹೌದೂ ಅನ್ನದೆ ಅಲ್ಲವೂ ಅನ್ನದೆ ಅಡಿಕೆ ಕತ್ತರಿಸುತ್ತಾ ಕೂರುತ್ತಿದ್ದಳು. ಅವ್ವನನ್ನು ಅವಳು ಕರೆಯುತ್ತಿದ್ದದ್ದು “ಏ, ಇಕಿ” ಎಂದಷ್ಟೇ.

ಆ ವರ್ಷ ಶಿವರಾತ್ರಿ ಮುಗಿದ ಮೇಲೆ ಚಿಕ್ಕಪ್ಪನಿಗೆ ಹರಪನಹಳ್ಳಿ ಕಡೆಯಿಂದ ಒಂದು ಸಂಬಂಧ ಕೂಡಿಬಂತು. ಹುಡುಗಿಯ ತಂದೆ ಶಾಲಾ ಮಾಸ್ತರರು. ಹುಡುಗಿಯನ್ನು ನಮ್ಮವರು ನೋಡಿ ಬಂದಿದ್ದರು, ಇನ್ನು ಅವರು ನಮ್ಮ ಮನೆತನ ನೋಡಲು ಬರಬೇಕಿತ್ತು. ಹಾಗೆ ಬಂದ ಬೀಗರನ್ನು ಬರೀ ಚಾಪೆಯ ಮೇಲೆ ಕೂರಿಸುವ ಹಾಗಿಲ್ಲ. ಕರೀ ಕಂಬಳಿ ಹಾಸಿ, ಅದರ ಮೇಲೆ ಬಿಳಿ ದುಪ್ಪಟಿ ಹಾಸಿ ಕೂರಿಸಬೇಕು. ದುಪ್ಪಟಿಯ ಬಿಳುಪು ನೋಡಿಯೇ ಮನೆಯ ಹೆಂಗಸರು ಎಂಥವರು ಎಂದು ಅಳೆಯುತ್ತಿದ್ದ ಕಾಲ ಅದು.

ಬರುವುದಕ್ಕೆ ಹತ್ತು ದಿನ ಇದೆ ಅನ್ನುವಾಗ ಅಜ್ಜಿ ಟ್ರಂಕು ತೆಗೆದಳು. ನಾಲ್ಕು ಮಗ್ಗದ ದುಪ್ಪಟಿ, ಆರು ತಲೆದಿಂಬಿನ ಗವಸು. ಅವ್ವ ಅಪ್ಪನ ಮದುವೆಯಲ್ಲಿ ಹಾಸಿದ್ದವು, ಆಮೇಲೆ ನೆಂಟರಿಷ್ಟರು ಬಂದಾಗ ಒಮ್ಮೊಮ್ಮೆ ಹಾಸಿ ಒಗೆದು ಮಡಚಿಟ್ಟವು. ಬಿಚ್ಚಿ ನೋಡಿದರೆ ಒಂದೊಂದೂ ಅರಿಶಿನದ ನೀರಿನಲ್ಲಿ ಅದ್ದಿದಂತೆ ಹಳದಿ! ಮಡಿಕೆ ಇದ್ದಲ್ಲಿ ಇನ್ನೂ ಗಾಢ, ಗವಸುಗಳ ನಡುವೆ ತಲೆಯೆಣ್ಣೆಯ ಕಲೆ. ಊರಿನ ಮಡಿವಾಳಮ್ಮನನ್ನು ಕರೆಸಿದರೆ ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, “ಹಳೇ ನೂಲು ಐತವ್ವ. ಸೋಡಾ ಹಾಕಿ ಉಬ್ಬಿಯಾಗ ಕುದಿಸಿದ್ರ ಹರಿದು ಕೈಗೆ ಬರ್ತಾವು. ನಾ ಒಲ್ಲೆ,” ಎಂದು ಎದ್ದು ಹೋದಳು.

ಸೋದರತ್ತೆ ಆಗಲೇ ಬಂದು ಠಿಕಾಣಿ ಹೂಡಿದ್ದಳು. ಹೊಸ ದುಪ್ಪಟಿ ಕೊಳ್ಳೋಣವೆಂದರೆ ಮದುವೆಯ ಖರ್ಚು ಎದುರಿಗೇ ನಿಂತಿತ್ತು. “ಇಂಥ ಅರಿವಿ ಹಾಸಿದ್ರ ಮಾಸ್ತರ ಮಂದಿ ಹೊಸಲು ದಾಟಂಗಿಲ್ಲ,” ಎಂದು ಅವಳು ತಲೆಗೆ ಕೈ ಹೊತ್ತಳು. ಆಗ ಒಲೆಯ ಮುಂದಿನಿಂದ ಅವ್ವ ಎದ್ದು ಬಂದಳು.

“ನಾ ಬೆಳ್ಳಗ ಮಾಡ್ತೀನಿ.”

“ಯಾವುದರಾಗ?”

“ಕುರಿ ಹಿಕ್ಕಿ ನೀರಿನಾಗ. ನಮ್ಮ ತೌರಮನಿಯಾಗ ಹಂಗ ಮಾಡ್ತಾರ.”

ಅತ್ತೆ ನಕ್ಕ ನಗೆಗೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. “ಅಯ್ಯ ನಮ್ಮಪ್ಪಾ! ಬೀಗರು ಕುಂದರೋ ಅರಿವಿ ಹಿಕ್ಕ್ಯಾಗ ಅದ್ದತಾಳಂತ! ಎಲ್ಲಿಗೆ ಹೋದ್ರೂ ಹಟ್ಟಿ ಬುದ್ಧಿ ಬಿಡಂಗಿಲ್ಲ ನೋಡು ಈಕಿ.”

ಹದಿನೈದು ವರ್ಷ ಬಾಯಿ ಬಿಡದ ನಮ್ಮವ್ವ ಅವತ್ತು ಬಿಟ್ಟಳು. “ಯಕ್ಕಾ, ಒಂದು ಮಾತು. ಇವು ಬೆಳ್ಳಗ ಆಗಲಿಲ್ಲ ಅಂದ್ರ ಇನ್ನ ಈ ಮನ್ಯಾಗ ನಾ ನನ್ನ ತೌರಮನಿ ಹೆಸರು ಎತ್ತಂಗಿಲ್ಲ. ಆದ್ವು ಅಂದ್ರ, ನೀವು ಅದನ್ನ ಹಗುರ ಮಾತಾಡಂಗಿಲ್ಲ. ಒಪ್ಪಿಗಿ ಐತೇನು?”

ಅತ್ತೆ ತಾಯಿಯ ಮುಖ ನೋಡಿದಳು. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೆ, “ಮಾಡ್ಲಿ ಬಿಡು,” ಅಂದಳು. ಹೀಗೆ ಪಂಥ ಕಟ್ಟಿದಂತಾಯಿತು. ಅವ್ವನಿಗೆ ತವರಿನ ಮಾತೆಂದರೆ ಪ್ರಾಣ. ರೊಟ್ಟಿ ಬಡಿಯುವಾಗ, ನನ್ನ ತಲೆ ಬಾಚುವಾಗ, ಯಾವಾಗಲೂ ಅದೇ ಮಾತು. ಅದನ್ನೇ ಪಣಕ್ಕಿಟ್ಟುಬಿಟ್ಟಿದ್ದಳು.

ಹಿಕ್ಕೆ ನಮ್ಮೂರಲ್ಲೂ ಸಿಗುತ್ತಿತ್ತು. ಅವ್ವ ಒಪ್ಪಲಿಲ್ಲ. ಹಸೀ ಮೇವು ಮೇದ ಕುರಿಯದು ಬೇಡ, ಒಣ ಹುಲ್ಲು ಮೇದದ್ದೇ ಬೇಕು ಎಂದು ತವರಿಗೆ ಹೇಳಿಕಳಿಸಿದಳು. ಎರಡನೇ ದಿನಕ್ಕೆ ನನ್ನ ಮಾವ, ಅವ್ವನ ತಮ್ಮ, ಒಂದು ಗೋಣಿಚೀಲ ಹೊತ್ತು ಬಸ್ಸಿಳಿದ. ಕಂಡಕ್ಟರು ಚೀಲದಾಗ ಏನೈತಿ ಅಂದನಂತೆ, ಇವನು “ಹಿಕ್ಕಿ ಐತಪ್ಪಾ, ನಮ್ಮಕ್ಕಗ ಬೇಕಂತ” ಅಂದನಂತೆ, ಬಸ್ಸಿನವರೆಲ್ಲ ನಕ್ಕು ಚೀಲವನ್ನು ಮೇಲಕ್ಕೆ ಹಾಕಿಸಿದರಂತೆ. ಅದನ್ನು ಹೇಳಿಕೊಂಡು ತಾನೂ ನಗುತ್ತಾ ಒಂದು ಚೊಂಬು ಮಜ್ಜಿಗೆ ಕುಡಿದು ಮುಂದಿನ ಬಸ್ಸಿಗೆ ಹೋದ.

ಈಗ ಕೆಲಸದ ರೀತಿ ಹೇಳುತ್ತೇನೆ, ಕೇಳಿ. ಮೊದಲ ದಿನ ಬಟ್ಟೆಗಳನ್ನು ಬರೀ ತಣ್ಣೀರಿನಲ್ಲಿ ನೆನೆಹಾಕಿ ಹಳೇ ಗಂಜಿ, ಧೂಳು ಬಿಡಿಸಿದಳು. ಹಿಕ್ಕೆಯನ್ನು ಇನ್ನೊಂದು ಬಾನಿಯಲ್ಲಿ ನೆನೆಸಿ, ಕಿವುಚಿ, ಹಳೆಯ ಸೀರೆಯಲ್ಲಿ ಎರಡು ಸಲ ಸೋಸಿದಳು. ಕಡ್ಡಿ ಕಸ ಒಂದೂ ಉಳಿಯಬಾರದು, ಉಳಿದರೆ ಅಲ್ಲೇ ಚುಕ್ಕೆ ಬೀಳುತ್ತದೆ. ಸೋಸಿದ ನೀರಿನಲ್ಲಿ ಬಟ್ಟೆ ಅದ್ದಿ, ಮೇಲೊಂದು ಕಲ್ಲು ಹೇರಿ, ಮಾರನೇ ದಿನದವರೆಗೆ ಬಿಟ್ಟಳು. ಬಾನಿ ಮಣ್ಣಿನದೇ ಆಗಬೇಕು. “ಕಬ್ಬಿಣ ಮುಟ್ಟಿಸಬ್ಯಾಡ, ಕಬ್ಬಿಣ ಬಿಳಿ ಅರಿವಿಗೆ ಹಗೆ,” ಎಂದು ನನಗೆ ಹತ್ತು ಸಲ ಹೇಳಿದಳು.

ಬಾನಿಯಿಂದ ತೆಗೆದಾಗ ನಾನು ಹೌಹಾರಿದೆ. ಹಳದಿ ಇದ್ದದ್ದು ಪಾಚಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆ ಬಂದು ನೋಡಿ, ನಾಲ್ಕರಲ್ಲಿ ಒಂದು ದುಪ್ಪಟಿಯನ್ನು ಕಸಿದುಕೊಂಡು ಒಳಗೆ ಹೋದಳು. “ಇದೊಂದಾದ್ರೂ ನನ್ನ ಕೈಯಾಗ ಉಳೀಲಿ,” ಅಂದಳು. ಅದನ್ನು ಬಚ್ಚಲ ಒಲೆಯ ಮೇಲೆ, ನೀರು ಕಾಸುವ ಕಬ್ಬಿಣದ ಕಡಾಯಿಯಲ್ಲಿ, ಸೋಡಾ ಹಾಕಿ ಕುದಿಸಿದಳು. ಹೇಳಿದರೆ ಕೇಳುವ ಜನ್ಮವಲ್ಲ ಅದು.

ಇತ್ತ ಅವ್ವ ಮತ್ತು ನಾನು ಉಳಿದದ್ದನ್ನು ಹೊತ್ತುಕೊಂಡು ಹಗರಿ ಹಳ್ಳಕ್ಕೆ ಹೋದೆವು. ಆಗ ನಾನು ಒಂಬತ್ತನೇ ಕ್ಲಾಸು. ತಲೆಯ ಮೇಲೆ ಹಿಕ್ಕೆ ನಾರುವ ಬುಟ್ಟಿ, ಎದುರಿಗೆ ನನ್ನ ಕ್ಲಾಸಿನ ಹುಡುಗಿಯರು. “ಏನೇ ಅದು?” ಎಂದರು. ಹೊಲಕ್ಕೆ ಗೊಬ್ಬರ ಅಂದೆ. ನಮಗೆ ಹೊಲವೇ ಇರಲಿಲ್ಲ. ಅವ್ವ ಮುಂದೆ ನಡೆಯುತ್ತಿದ್ದಳು, ಅವಳ ಕಿವಿಗೆ ಬೀಳಲಿಲ್ಲ ಎಂದುಕೊಂಡೆ.

ಹಳ್ಳದಲ್ಲಿ ಹರಿಯುವ ನೀರು ನಿಂತುಹೋಗಿತ್ತು. ಉಸುಕು ತೋಡಿ ವರ್ತಿ ಮಾಡಿದರೆ ತಿಳಿನೀರು ಜಿನುಗುತ್ತಿತ್ತು. ಬಟ್ಟೆ ಹಿಂಡಿ, ದಂಡೆಯ ಗರಿಕೆಯ ಮೇಲೆ ಹರವಿ, ಮೂಲೆಗೆ ಕಲ್ಲಿಟ್ಟು, ಅವ್ವ ಬಿಸಿಲಿಗೇ ಕುಳಿತಳು. ನೀರು ಆರುವುದಕ್ಕೆ ಮೊದಲೇ ಚೊಂಬಿನಿಂದ ಚಿಮುಕಿಸಬೇಕು. ಆರಿತೋ, ಹಳದಿ ಮತ್ತೆ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆಯಿಂದ ಹೊತ್ತು ಇಳಿಯುವವರೆಗೆ ಅದೇ ಕೆಲಸ. ನಾನು ಸ್ಕೂಲು ಮುಗಿಸಿ ಬುತ್ತಿ ಒಯ್ದರೆ ಅವಳ ಮುಖ ಕೆಂಪಗೆ ಕಾದಿರುತ್ತಿತ್ತು. “ನೆಳ್ಳಿಗೆ ಬಾರವ್ವಾ” ಅಂದರೆ, “ಅರಿವಿ ಬಿಸಿಲಾಗ ಇದ್ದು ನಾ ನೆಳ್ಳಾಗ ಕುಂತ್ರ ನೀರು ಯಾರು ಹಾಕ್ತಾರ?” ಅನ್ನುತ್ತಿದ್ದಳು.

ಮೊದಲ ದಿನ ಪಾಚಿ ಬಣ್ಣ ಕಳೆಯಿತು. ಎರಡನೇ ದಿನ ಹಳದಿ ತೆಳುವಾಯಿತು. ಮೂರನೇ ದಿನ ಸಂಜೆ ಅವಳು ಒಂದು ಗವಸನ್ನು ನನ್ನ ಸ್ಕೂಲಿನ ಬಿಳೀ ರವಿಕೆಯ ಪಕ್ಕ ಹಿಡಿದಳು. ನನ್ನ ರವಿಕೆಯೇ ಮಾಸಿದಂತೆ ಕಂಡಿತು. ನಾನು ಉಸುಕಿನಲ್ಲಿ ಕುಣಿದಾಡಿಬಿಟ್ಟೆ. “ಇನ್ನ ಮುಗಿದಿಲ್ಲ ತಡಿ,” ಎಂದು ಅವ್ವ ಗದರಿಸಿದಳು, ಆದರೆ ಅವಳ ಮುಖವೂ ಅರಳಿತ್ತು.

ಮನೆಗೆ ಬಂದರೆ ಅಲ್ಲಿ ಬೇರೆಯೇ ನಾಟಕ. ಅತ್ತೆಯ ದುಪ್ಪಟಿಯ ತುಂಬ ತುಕ್ಕಿನ ಕಲೆ! ಕಡಾಯಿಯ ಅಂಚು ತಾಗಿದಲ್ಲೆಲ್ಲ ಕಂದು ಬರೆ. ಅತ್ತೆ ಮೂಲೆಯಲ್ಲಿ ಸೆರಗಿನಿಂದ ಕಣ್ಣೊರೆಸುತ್ತಾ ಕುಳಿತಿದ್ದಳು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು. ಅವ್ವ ಮಾತ್ರ ಒಂದು ಕೊಂಕು ಮಾತನ್ನೂ ಆಡಲಿಲ್ಲ. ಪೇಟೆಯಿಂದ ನಿಂಬೆಹಣ್ಣು ತರಿಸಿ, ಒಂದೊಂದು ಕಲೆಯ ಮೇಲೂ ಉಪ್ಪು ಉದುರಿಸಿ, ನಿಂಬೆಹೋಳಿನಿಂದ ತಿಕ್ಕಿ, ಅಂಗಳದ ಬಿಸಿಲಿಗೆ ಹಾಕಿದಳು. ಒಣಗಿದಂತೆಲ್ಲ ಮತ್ತೆ ರಸ ಹಿಂಡಿದಳು. ಮಾರನೇ ದಿನ ಮಧ್ಯಾಹ್ನಕ್ಕೆ ಕಲೆ ಹೋಗಿತ್ತು. ಆಮೇಲೆ ಅದನ್ನು ಮತ್ತೊಮ್ಮೆ ಹಿಕ್ಕೆ ನೀರಿನಲ್ಲಿ ಅದ್ದಿ, ಹಳ್ಳದ ದಂಡೆಯ ಬಿಸಿಲು ತೋರಿಸಿ, ಉಳಿದವುಗಳ ಜೊತೆಗೆ ಸೇರಿಸಿದಳು.

ಕೊನೆಗೆ ಹುಣಸೆ ಕಟ್ಟಿಗೆಯ ಬೂದಿ ಕಲಸಿಟ್ಟು ತಿಳಿಯಾದ ನೀರು, ಅದಾದ ಮೇಲೆ ಅಂಟುವಾಳದ ನೊರೆ, ಅದಾದ ಮೇಲೆ ನಿಂಬೆಯ ಹುಳಿ ಬೆರೆಸಿದ ನೀರಿನಲ್ಲಿ ಒಮ್ಮೆ ಜಾಲಿಸಿದ್ದು. ಹಿಕ್ಕೆಯ ವಾಸನೆ ಹುಡುಕಿದರೂ ಇರಲಿಲ್ಲ. ಗಂಜಿಗೆ ಚಿಟಿಕೆ ನೀಲಿ ಹಾಕು ಎಂದಳು ಅತ್ತೆ. “ನೀಲಿ ಕಣ್ಣಿಗೆ ಮೋಸ ಮಾಡ್ತೈತಿ. ಇದಕ್ಕ ಬ್ಯಾಡ,” ಎಂದು ಅವ್ವ ಬರೀ ಅಕ್ಕಿ ಗಂಜಿ ಹಾಕಿದಳು. ಅಂಗಳದ ಹಗ್ಗಕ್ಕೆ ನಾಲ್ಕೂ ದುಪ್ಪಟಿ ಹಾಕಿದಾಗ ಕಣ್ಣು ಕೋರೈಸುವಷ್ಟು ಬಿಳುಪು. ಓಣಿಯವರು ಒಬ್ಬೊಬ್ಬರೇ ಬಂದು ಮುಟ್ಟಿ ನೋಡಿ ಹೋದರು. ಅಜ್ಜಿ ಕೋಲೂರಿಕೊಂಡು ಬಂದು, ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನಿಂತಳು.

ಪಂಥ ಗೆದ್ದಾಯಿತು ಎಂದುಕೊಂಡೆ. ಆದರೆ ಬೀಗರು ಬರುವ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. “ನೋಡವ್ವಾ, ನೀ ಓದಿದ ಹುಡುಗಿ. ಅವರು ಏನರ ಕೇಳಿದ್ರ ಸೋಪಿನ ಪುಡಿ ಅಂತ ಹೇಳು. ಹಿಕ್ಕಿ ಗಿಕ್ಕಿ ಅಂದಿ ಅಂದ್ರ ನಿಮ್ಮ ಕಾಕಾನ ಸಂಬಂಧ ಕಡಕೊಂಡು ಹೋಗತೈತಿ. ಆಮ್ಯಾಲ ನಿಮ್ಮವ್ವನ ತಲಿ ಮ್ಯಾಲ ಬರ್ತೈತಿ.” ನಾನು ಹೂಂ ಅಂದೆ. ಅವ್ವನ ಒಳ್ಳೆಯದಕ್ಕೇ ಅಂದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೂ ಆ ಮಾತು ಬಾಯಲ್ಲಿ ತರಲು ನಾಚಿಕೆಯಿತ್ತು.

ಹತ್ತು ಗಂಟೆಯ ಬಸ್ಸಿಗೆ ಮಾಸ್ತರರೂ ಅವರ ಹೆಂಡತಿಯೂ ಬಂದರು. ಕಂಬಳಿಯ ಮೇಲೆ ದುಪ್ಪಟಿ ಹಾಸಿ ಕೂರಿಸಿದೆವು. ಅಪ್ಪ, ಚಿಕ್ಕಪ್ಪ ಎದುರಿಗೆ, ಅಜ್ಜಿ ಗೋಡೆಗೆ ಒರಗಿ, ಅತ್ತೆ ಅವಳ ಪಕ್ಕ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬೆಲ್ಲ, ನೀರು ತಂದಿಟ್ಟೆ. ಮಾಸ್ತರರ ಹೆಂಡತಿ ನೀರು ಕುಡಿದು, ದುಪ್ಪಟಿಯ ಮೇಲೆ ಅಂಗೈ ಆಡಿಸಿ, “ಎಂಥ ಬಿಳುಪೇ ಇದು! ನಾವೂ ಒಗೀತೀವಪ್ಪ, ಹಿಂಗೆ ಬರಲ್ಲ. ಯಾವ ಸೋಪವ್ವ ನೀವು ಹಾಕೋದು?” ಎಂದು ನನ್ನನ್ನೇ ಕೇಳಿದರು.

ಅತ್ತೆ ಕಣ್ಣಲ್ಲೇ ಸನ್ನೆ ಮಾಡಿದಳು.

“ಸೋಪಿನ ಪುಡಿರೀ. ನಮ್ಮತ್ತಿ ಕೂಡ್ಲಿಗಿಯಿಂದ ತಂದಿದ್ದು,” ಅಂದೆ.

ಅತ್ತೆ ಹೇಳಿಕೊಟ್ಟದ್ದು ಸೋಪಿನ ಪುಡಿ ಎಂದಷ್ಟೇ. ಕೂಡ್ಲಿಗಿಯನ್ನೂ ಅತ್ತೆಯನ್ನೂ ಸೇರಿಸಿದವಳು ನಾನೇ. ಸುಳ್ಳು ಸರಾಗವಾಗಿ ಬಂತು.

“ನೀವ್ ತಂದಿದ್ದಾ? ಹಂಗಾರೆ ಈ ಮನೆ ಬಿಳುಪೆಲ್ಲ ನಿಮ್ದೇ ಅನ್ರಿ!” ಎಂದು ಆ ತಾಯಿ ಅತ್ತೆಯ ಕಡೆ ತಿರುಗಿದರು. ಅತ್ತೆ ಇಲ್ಲ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು ನಕ್ಕಳು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹೊರಗೆ ಬಂದಳು. ಎರಡೂ ಕೈ ಜೋಳದ ಹಿಟ್ಟು. ನನ್ನ ಕಡೆ ನೋಡಲೇ ಇಲ್ಲ.

“ತಪ್ಪು ತಿಳೀಬ್ಯಾಡ್ರಿ,” ಅಂದಳು. “ನನ್ನ ಮಗಳು ಸುಳ್ಳು ಹೇಳ್ಯಾಳ. ಅದು ಸೋಪಿನ ಬಿಳುಪಲ್ರಿ. ಕುರಿ ಹಿಕ್ಕಿ ನೀರಿನಾಗ ನೆನಿಸಿ, ಹಳ್ಳದ ದಂಡಿ ಮ್ಯಾಲ ಬಿಸಿಲಿಗೆ ಹಾಕಿ, ನಾ ಮಾಡಿದ್ದು. ಹಿಕ್ಕಿ ನನ್ನ ತೌರಮನಿಯಿಂದ ಬಂದಿದ್ದು. ಕುರಿ ಕಾಯೋರ ಮನಿ ನಮ್ಮದು.”

ಆ ತಾಯಿಯ ಕೈ ದುಪ್ಪಟಿಯಿಂದ ಹಿಂದಕ್ಕೆ ಸರಿಯಿತು. ಮಾಸ್ತರರು ಕುಳಿತಲ್ಲೇ ಅರ್ಧ ಎದ್ದರು. ಚಿಕ್ಕಪ್ಪನ ಮುಖ ಸುಣ್ಣ ಬಳಿದಂತಾಯಿತು. ಅತ್ತೆ “ಅಯ್ಯೋ, ಈಕಿ ತಿಳೀದ...” ಎಂದು ಬಾಯಿ ಹಾಕಿದಳು.

“ನೀ ಸುಮ್ಕಿರು!” ಅಜ್ಜಿ ಕೋಲು ಕುಟ್ಟಿದಳು. ಎಲ್ಲರೂ ಬೆಚ್ಚಿಬಿದ್ದೆವು. ಅಜ್ಜಿ ಬೀಗರ ಕಡೆ ತಿರುಗಿದಳು.

“ಮಾಸ್ತರ, ದುಪ್ಪಟಿ ಅಡ್ಯಾಗ ಇರೋದು ಏನ್ರಿ? ಕಂಬಳಿ. ಯಾರ ಮೈಮ್ಯಾಲಿಂದು? ಕುರೀದು. ಕುರಿ ಉಣ್ಣೆ ನಡೀತೈತಿ, ಹಿಕ್ಕಿ ನಡಿಯಂಗಿಲ್ಲೇನು? ಈಗ ಒಳಗ ರೊಟ್ಟಿ ಬಡೀತಾಳಲ್ಲ, ಆ ಜ್ವಾಳಾನೂ ಹಿಕ್ಕಿ ಗೊಬ್ಬರದಾಗ ಬೆಳದದ್ದ. ನಾನೂ ಹಟ್ಟ್ಯಾಗ ಹುಟ್ಟಿದಾಕಿ. ಇಕಾ, ಈ ಬಾಯಿ ಬಡಕಿ ಇದಾಳಲ್ಲ ನನ್ನ ಮಗಳು, ಈಕೀನೂ ಹಟ್ಟ್ಯಾಗ ಹುಟ್ಟಿದಾಕಿನ. ಇದು ನಮ್ಮ ಸೊಸಿ ಕೈಯಾನ ಬಿಳುಪು. ಮನಸಿದ್ರ ಕುಂದರ್ರಿ. ಇಲ್ಲಂದ್ರ ನೆಲಾ ಐತಿ, ಅಲ್ಲಿ ಕುಂದರ್ರಿ.”

ನಮ್ಮ ಸೊಸಿ! ಆ ಮಾತು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವ್ವ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಅಜ್ಜಿಯನ್ನೇ ನೋಡುತ್ತಾ ನಿಂತಳು.

ಮಾಸ್ತರರು ಮತ್ತೆ ಕುಳಿತರು, ಕಾಲು ಮಡಚಿ, ಸರಿಯಾಗಿ. “ನಮ್ಮಜ್ಜನೂ ಕುರಿ ಕಾಯ್ದೋನೇ ಬಿಡಮ್ಮ,” ಅಂದರು. ಅವರ ಹೆಂಡತಿ ಗಂಡನನ್ನು ನೋಡಿದರು, ಹಿಂದಕ್ಕೆ ಎಳೆದುಕೊಂಡಿದ್ದ ಕೈಯನ್ನು ಮತ್ತೆ ದುಪ್ಪಟಿಯ ಮೇಲೆ ಇಟ್ಟರು. “ಎಷ್ಟು ದಿನ ಬಿಸಿಲಿಗೆ ಹಾಕಿದ್ರಿ?” ಎಂದು ಅವ್ವನನ್ನೇ ಕೇಳಿದರು. ಅವ್ವ ಹೇಳತೊಡಗಿದಳು. ರೊಟ್ಟಿ ತಡವಾಯಿತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಊಟ ಮುಗಿಸಿ, ಸಂಜೆಯ ಬಸ್ಸಿಗೆ ಹೊರಡುವ ಮೊದಲೇ ಎಲೆ ಅಡಿಕೆ ಬದಲಾಯಿಸಿ ಮಾತು ಪಕ್ಕಾ ಮಾಡಿಕೊಂಡು ಹೋದರು.

ಅವರು ಹೋದ ಮೇಲೆ ಅಂಗಳದಲ್ಲಿ ನಾನೂ ಅವ್ವನೂ ದುಪ್ಪಟಿಗಳನ್ನು ಕೊಡವಿ ಮಡಚುತ್ತಿದ್ದೆವು. ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಮಡಚಿ ಹತ್ತಿರ ಬಂದಾಗ ಅವಳು ಕೇಳಿದಳು, “ನಿಮ್ಮತ್ತಿ ಅಂದ್ರ ಅನ್ಲಿ, ಅದನ್ನ ನಾ ತಡಕೊಂತೀನಿ. ನನ್ನ ತೌರಮನಿ ಹೆಸರು ನಿನ್ನ ಬಾಯಾಗ ಯಾಕ ಬರಲಿಲ್ಲ? ಮೊನ್ನೆ ಆ ಹುಡಿಗ್ಯಾರ ಮುಂದನೂ ಗೊಬ್ಬರ ಅಂದಿ.”

ಕೇಳಿಸಿಕೊಂಡಿದ್ದಳು. ಅಷ್ಟೂ ದಿನ ಅದನ್ನು ನುಂಗಿಕೊಂಡೇ ಬಿಸಿಲಲ್ಲಿ ಕುಳಿತಿದ್ದಳು. ನನಗೆ ಅಳು ಒತ್ತರಿಸಿ ಬಂತು. ದುಪ್ಪಟಿಯಲ್ಲೇ ಮುಖ ಮುಚ್ಚಿಕೊಳ್ಳಹೋದೆ, ಅವಳು ಅದನ್ನು ಕಸಿದುಕೊಂಡಳು.

“ಕಣ್ಣೀರು ಹತ್ತಿಸಬ್ಯಾಡ ಅದಕ್ಕ, ಮತ್ತ ಒಗೀಬೇಕಾಗತೈತಿ. ಈಗ ಹೇಳು. ಇದು ಯಾತರ ಬಿಳುಪು?”

“ಹಿಕ್ಕಿದು,” ಎಂದು ಬಿಕ್ಕುತ್ತಾ ಅಂದೆ.

“ಯಾರ ಮನೀದು?”

“ನಿನ್ನ ತೌರಮನೀದು.”

“ಕೇಳಲಿಲ್ಲ.”

ಕೂಗಿ ಹೇಳಿದೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಒಳಗೆ ಅತ್ತೆ ಕೆಮ್ಮಿದಳು. ಅವ್ವ ಮಡಚಿದ ದುಪ್ಪಟಿಯನ್ನು ನನ್ನ ತೋಳ ಮೇಲಿಟ್ಟು, “ಇನ್ನೊಂದು ಸಲ,” ಅಂದಳು. ನಾನು ಇನ್ನೊಂದು ಸಲ ಕೂಗಿದೆ.